ಹೆಸರು ಕೇಳಿದೆ, ಹುಗ್ಗಿ ಮುಟ್ಟಲಿಲ್ಲ

ಊಟ ಮುಗಿದಾಗ ನನ್ನ ತಾಟಿನ ಮೂಲೆಯಲ್ಲಿ ಒಂದು ಸೌಟು ಹುಗ್ಗಿ ಹಾಗೇ ಉಳಿದಿತ್ತು. ನಡೆದದ್ದು ಇಷ್ಟೇ. ಇಷ್ಟಕ್ಕೆ ಒಂದು ಅಂಕಣವೇ ಎನ್ನುತ್ತೀರಾ? ನನಗೂ ಅದು ದೊಡ್ಡದಾಗಿ ಕಾಣಲಿಲ್ಲ, ವಾಪಸು ಹೊರಡಲು ಬೈಕು ಏರುವ ತನಕ.

ನನ್ನ ಚಟ ನಿಮಗೆ ಗೊತ್ತೇ ಇದೆ. ಕುಡಿದ ನೀರು, ತಪ್ಪಿದ ಬಸ್ಸು, ಓದಿದ ಪುಟ, ಎಲ್ಲಕ್ಕೂ ತಾರೀಖು ಹಾಕಿ ಗೀಟು ಎಳೆಯುವವನು ನಾನು. ಈಚೆಗೆ ಎರಡು ಹೊಸ ಲೆಕ್ಕ ಶುರುವಾಗಿದ್ದವು. ಒಂದು, ಸಕ್ಕರೆ ಬೆಲ್ಲ ಮುಟ್ಟದ ದಿನಗಳದು. (ಗೋಕಾಕದಲ್ಲಿ ಹುಟ್ಟಿ ಸಿಹಿ ಬಿಟ್ಟವನೆಂದು ನಮ್ಮ ಓಣಿಯ ಕರದಂಟಿನ ಅಂಗಡಿಯವರು ನಗುತ್ತಾರೆ.) ಕ್ಯಾಲೆಂಡರಿನಲ್ಲಿ ಒಂದು ಗೀಟೂ ತಪ್ಪಿರಲಿಲ್ಲ. ಇನ್ನೊಂದು, ಊಟದ ಸಿಹಿಗೆ ಯಾವ ಮನೆಯಲ್ಲಿ ಏನನ್ನುತ್ತಾರೆ ಎಂಬುದರದು. ಅಂಕಣಕ್ಕೆ ಒಳ್ಳೆಯ ಸರಕು ಅಲ್ಲವೆ?

ನಮ್ಮ ಮನೆಯಲ್ಲಿ ಅದು ‘ಸ್ವೀಟ್’. ಮೂಡಲಗಿ ಕಡೆ ಮಸಗುಪ್ಪಿಯಲ್ಲಿರುವ ಚಿಗವ್ವನಿಗೆ ಎಲ್ಲವೂ ‘ಹುಗ್ಗಿ’. ಶ್ಯಾವಿಗೆ ಪಾಯಸ ಬಡಿಸುವಾಗಲೂ, “ಹುಗ್ಗಿ ಇನ್ನೊಂಚೂರ ನೀಡ್ಲೇನ?” ಎಂದಳು.

“ಚಿಗವ್ವಾ, ಇದು ಪಾಯಸ ಅಲ್ಲೇನು?”

“ಉಣ್ಣಾಕ ಬಂದೀಯೋ, ಪರೀಕ್ಷಾ ತಗೊಳ್ಳಾಕ ಬಂದೀಯೋ?”

ನಕ್ಕು, ಬರೆದುಕೊಂಡೆ. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಹುಕ್ಕೇರಿ ಕಡೆಯ ಮಾತು ಇನ್ನೂ ಸಿಕ್ಕಿರಲಿಲ್ಲ. ನನ್ನ ಜತೆ ಕೆಲಸ ಮಾಡುವ ಮಾರುತಿಯದು ಅದೇ ತಾಲ್ಲೂಕಿನ ದಡ್ಡಿ. ಅವನ ಅಪ್ಪ ತೀರಿಕೊಂಡು, ಕಾರ್ಯಗಳೆಲ್ಲ ಮುಗಿದಿದ್ದವು. “ಐತವಾರ ಊಟಕ್ಕ ಬಾರಲೇ, ಅವ್ವ ನಿನ್ನ ಕರಿ ಅಂದಾಳ” ಎಂದ. ಹೋದೆ. ನಿಜ ಹೇಳುತ್ತೇನೆ, ಸಂತಾಪಕ್ಕಿಂತ ಒಂದು ಹಿಡಿ ಜಾಸ್ತಿ ನನ್ನ ಪಟ್ಟಿಯೇ ತಲೆಯಲ್ಲಿತ್ತು.

ಪಡಸಾಲೆಯಲ್ಲಿ ಸಾಲಾಗಿ ಕುಳಿತೆವು. ಮಾರುತಿಯ ಅವ್ವ ತಾನೇ ಪಾತ್ರೆ ಹಿಡಿದು ಬಂದು, ಒಬ್ಬೊಬ್ಬರ ತಾಟಿಗೂ ಗೋಧಿ ಹುಗ್ಗಿ ನೀಡಿ, ಮೇಲೆ ತುಪ್ಪ ಬಿಟ್ಟರು. ನಾನು ಬೇಡವೆಂದು ಕೈ ಅಡ್ಡ ಇಡುವಷ್ಟರಲ್ಲಿ ಹುಗ್ಗಿ ಬಿದ್ದಾಗಿತ್ತು.

“ಅವ್ವಾರ, ನಿಮ್ಮ ಕಡೆ ಇದಕ್ಕ ಏನಂತೀರಿ?” ಎಂದೆ.

“ಗೋಡ ಅಂತೀವಪಾ. ಹೋಳಿಗಿ ಇರಲಿ, ಹುಗ್ಗಿ ಇರಲಿ, ಎಲ್ಲಾ ಗೋಡನ.”

ಸಿಹಿಗೆ ಮರಾಠಿಯಿಂದ ಬಂದ ಮಾತು! ಎಡಗೈಯಲ್ಲಿ ಫೋನ್ ತೆಗೆದು ಟೈಪ್ ಮಾಡಿದೆ. ಸೊಪ್ಪಿನ ಪಲ್ಯ ತಿಂದೆ, ರೊಟ್ಟಿ ತಿಂದೆ, ಅನ್ನ ಸಾರು ಉಂಡೆ. ಹುಗ್ಗಿಯನ್ನು ಮೂಲೆಗೆ ಸರಿಸಿದೆ.

ಪಕ್ಕದಲ್ಲಿದ್ದ ಮಾರುತಿಯ ಕಾಕಾ ನೋಡಿಬಿಟ್ಟರು. “ಯಾಕ ತಮ್ಮಾ, ಸಕ್ಕರಿ ಬ್ಯಾನಿ ಐತೇನು?”

“ಇಲ್ರಿ ಕಾಕಾ, ಸಿಹಿ ಬಿಟ್ಟೇನ್ರಿ. ಸ್ಟ್ರೀಕ್ ನಡದೈತ್ರಿ.”

“ಏನ ನಡದೈತಿ?”

“ಒಂದು ದಿನಾನೂ ತಪ್ಪಿಲ್ರಿ.”

“ಈ ವಯಸ್ಸಿನ್ಯಾಗ ಏನೇನ ಬಿಡ್ತೀರೋ ಮಾರಾಯಾ!” ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಸ್ವಲ್ಪ ಹೆಮ್ಮೆಯಿಂದಲೇ. ಅವ್ವ ಮಾತ್ರ ನನ್ನ ತಾಟಿನ ಕಡೆ ನೋಡಿದರು. “ಒಂದ ತುತ್ತ ತಿಂದ್ರೂ ನಡೀತೈತಿ” ಎಂದರು ಮೆಲ್ಲಗೆ. “ಬ್ಯಾಡ್ರಿ ಅವ್ವಾರ” ಎಂದೆ. ಅವರು ಮತ್ತೆ ಒತ್ತಾಯ ಮಾಡಲಿಲ್ಲ.

ಮಾರುತಿ ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಡಲು ಬಂದ. ಊರು ದಾಟಿದ ಮೇಲೆ, ತಿರುಗಿ ನೋಡದೆ ಹೇಳಿದ: “ಅವ್ವ ಇವತ್ತೂ ಗೋಡ ಮುಟ್ಟಲಿಲ್ಲ.”

“ಯಾಕಲೇ?”

“ಅಪ್ಪ ಹೋದಾಗಿಂದ ಚಹಾಕ್ಕೂ ಸಕ್ಕರಿ ಹಾಕ್ಕೊಂಡಿಲ್ಲ. ಇವತ್ತ ಹೊರಗಿನ ಮಂದಿ ಬಂದು ಗೋಡ ಉಂಡ್ರ ಮನಿಯಾಗಿನ ದುಃಖ ಎದ್ದು ಹೋಗತೈತಿ ಅಂತ. ಆಮ್ಯಾಲ ಆಕಿ ಉಣ್ಣಬೇಕು. ಒಂದ ತಾಟಿನ್ಯಾಗ ಉಳೀತಲ್ಲ, ಆಕಿ ಮನಸ್ಸು ಒಪ್ಪಲಿಲ್ಲ.”

ಹಿಂದಿನಿಂದ ಅವನ ಭುಜ ಹಿಡಿದೆ. “ಮೊದಲ ಹೇಳಬೇಕಿಲ್ಲೇನಲೇ?”

“ಹೇಳಿ ಉಣಿಸಿದ್ರ ಅದು ಗೋಡ ಆಗತೈತೇನು?”

“ಗಾಡಿ ತಿರುಗಸು. ಈಗ ಉಣ್ತೇನಿ.”

“ತಾಟು ತೊಳದಾರ. ಇನ್ನ ಹಬ್ಬದ ಮಟಾ ಮತ್ತ ಗೋಡ ಮಾಡಾಕ ಬರಂಗಿಲ್ಲ. ಬಿಡು, ನಿನಗೇನ ಗೊತ್ತು.”

ಆ ‘ನಿನಗೇನ ಗೊತ್ತು’ ಎಂಬುದರಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು. ಮೂರು ಊರುಗಳ ಮಾತು ನನ್ನ ಫೋನಿನಲ್ಲಿ ಭದ್ರವಾಗಿತ್ತು. ಆ ಮಾತನ್ನು ಕೊಟ್ಟವರ ಮುಖ ನೋಡಲು ನನಗೆ ಪುರುಸೊತ್ತು ಇರಲಿಲ್ಲ. ನಾವು ಹೀಗೇಕೆ? ಯಾರದೋ ಮನೆಯ ಮಾತು ಚಂದ, ಹಾಡು ಚಂದ, ಊಟದ ಫೋಟೋ ಚಂದ. ಅವರ ಮನೆಯಲ್ಲಿ ಆ ದಿನ ಏನು ನಡೆಯುತ್ತಿದೆ ಎಂಬುದು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಅಂದು ಕ್ಯಾಲೆಂಡರಿನ ಮುಂದೆ ಪೆನ್ ಹಿಡಿದು ನಿಂತೆ. ಗೀಟು ಎಳೆಯಲು ಕೈ ಏಳಲಿಲ್ಲ.

ಮುಂದಿನ ಭಾನುವಾರ ಮತ್ತೆ ದಡ್ಡಿಗೆ ಹೋದೆ, ಒಂದು ಡಬ್ಬಿ ಕರದಂಟು ಹಿಡಿದುಕೊಂಡು. ಕ್ಷಮೆ ಕೇಳುವ ಮಾತನ್ನು ಬಸ್ಸಿನುದ್ದಕ್ಕೂ ಜೋಡಿಸಿದ್ದೆ, ಏನು ಸಿಹಿ ಕೊಟ್ಟರೂ ತಿನ್ನುವುದೆಂದೂ ಗಟ್ಟಿ ಮಾಡಿಕೊಂಡಿದ್ದೆ. ಅವ್ವ ಡಬ್ಬಿಯನ್ನು ಮಾರುತಿಯ ಅಪ್ಪನ ಫೋಟೋದ ಮುಂದಿಟ್ಟು, “ಹುಡುಗರು ತಿಂತಾವ” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಹೋಗಿ ಎರಡು ಕಪ್ ಚಹಾ ತಂದರು. ಒಂದು ನನಗೆ, ಒಂದು ತಮಗೆ.

“ಕುಡಿ ತಮ್ಮಾ. ಸಕ್ಕರಿ ಹಾಕಿಲ್ಲ, ನೆನಪಿಟ್ಟೇನಿ. ನಮ್ಮಿಬ್ಬರದೂ ಒಂದ ಪಾತ್ರ್ಯಾಗ ಆತು ನೋಡು” ಎಂದು ನಕ್ಕರು.

ಕುಡಿದೆ. ಸಕ್ಕರೆ ಕೇಳುವ ಮುಖ ನನಗೆಲ್ಲಿತ್ತು?