ಮೂವತ್ತು ಸೆಕೆಂಡಿನ ಉಗ್ರಪ್ಪ

ವಿಜಯನಗರದ ನಮ್ಮ ಕಾಲೇಜಿನ ಅಟೆಂಡರ್ ಉಗ್ರಪ್ಪನವರು ಬ್ಯಾಸ್ಕೆಟ್‌ಬಾಲ್ ಅಂಕಣದ ಪಕ್ಕದ ಮೇಜಿನಲ್ಲಿ ಸ್ಟಾಪ್‌ವಾಚ್, ಸೀಟಿ ಹಿಡಿದು ಕೂತರೆ ಕಾಲವೂ ಪಕ್ಷಪಾತ ಕಲಿಯುತ್ತದೆ. ಚೆಂಡು ಸಿಕ್ಕ ತಂಡ ಮೂವತ್ತು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕೆಂಬುದು ಈ ಪಂದ್ಯಾವಳಿಯ ನಿಯಮ. ಆ ಮೂವತ್ತು ಸೆಕೆಂಡು ನಮ್ಮ ಹುಡುಗರಿಗೆ ಮದುವೆ ಊಟದಷ್ಟು ನಿಧಾನ, ಎದುರಾಳಿಗಳಿಗೆ ಬೆಂಕಿಕಡ್ಡಿ ಉರಿದಷ್ಟು ಬೇಗ. ಕೇಳಿದರೆ, "ವಾಚು ಹೇಳ್ದಂಗೆ ಊದ್ತೀನಿ ಸಾರ್, ನಂದೇನಿದೆ?" ಎನ್ನುತ್ತಾರೆ. ಕೆಲಸ ಇನ್ನೂ ಖಾಯಂ ಆಗಿಲ್ಲ, ಕಪ್ ಗೆಲ್ಲಲೇಬೇಕೆನ್ನುವ ಪ್ರಿನ್ಸಿಪಾಲರು ಬೆನ್ನ ಹಿಂದೆಯೇ ನಿಂತಿರುತ್ತಾರೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಮೊನ್ನೆಯ ಫೈನಲ್‌ನಲ್ಲಿ ನಾವು ಒಂದೇ ಪಾಯಿಂಟ್ ಮುಂದಿದ್ದೆವು. ಕೊನೆಯ ಚೆಂಡು ಕೆಂಗೇರಿ ತಂಡದ ಕ್ಯಾಪ್ಟನ್ ಕೈಯಲ್ಲಿತ್ತು. ಅವನು ಉಗ್ರಪ್ಪನವರ ಮಗ, ನಮ್ಮ ಕಾಲೇಜೇ ಸೀಟು ಕೊಡದೆ ಕಳಿಸಿದ್ದ ಹುಡುಗ. ಅವನು ಹಾರಿದ, ಚೆಂಡು ಕೈಬಿಡುವ ಮುಂಚೆಯೇ ಉಗ್ರಪ್ಪನವರ ಸೀಟಿ ಕೂಗಿತು. ಹುಡುಗ ರೆಫರಿಯತ್ತ ನೋಡಲೂ ಇಲ್ಲ. ನೇರ ಮೇಜಿನ ಬಳಿ ಬಂದು ಮೆಲ್ಲಗೆ ಕೇಳಿದ: "ಅಪ್ಪಾ, ನಂಗೂನಾ?"