ಲಾಂಡ್ರಿಯವಳ ಮೂಗು

"ನೆಲದಡಿ ಬಂಡೆ ಒಡೆದು ಗ್ಯಾಸು ತೆಗೀತೀವಿ ಅಂತ ಬಂದ್ರಲ್ಲ ದೊಡ್ಡಮ್ಮ, ಅವರ ಕೆಲಸಗಾರರ ಬಟ್ಟೆಯೆಲ್ಲ ನಮ್ಮಲ್ಲಿಗೇ ಬರೋಕೆ ಶುರುವಾಯ್ತು. ಬಟ್ಟೆನಾ ಅವು? ಡೀಸೆಲ್ಲು, ಕೆಸರು ಕುಡಿದು ರಟ್ಟಾಗಿರೋವು. ಗೋಡೆಗೆ ಒರಗಿಸಿದ್ರೆ ಆಳು ನಿಂತ ಹಾಗೆ ನಿಲ್ತಿದ್ವು. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ, ದೊಡ್ಡ ಮೆಷಿನ್ ತಂದೆ. ಹೆರಿಗೆ ಆಸ್ಪತ್ರೆ ದುಪ್ಪಟಿಗಳನ್ನೂ ಅದಕ್ಕೇ ಹಾಕ್ದೆ. ನಡುವೆ ಬರೀ ಬಿಸಿನೀರು ತಿರುಗಿಸಿದ್ರೆ ವಾಸನೆ ಹೋಗುತ್ತೆ ಅಂದ್ಕೊಂಡೆ. ಮೂಸಿ ನೋಡ್ದೆ, ಹೋಗಿತ್ತು. ದಿನವಿಡೀ ಡೀಸೆಲ್ಲಲ್ಲೇ ಇರೋ ಮೂಗು, ಇನ್ನೇನು ಹೇಳುತ್ತೆ?"

ನಮ್ಮ ಬೀದಿಯ ಲಾಂಡ್ರಿಯವಳು ನನ್ನ ಬಳಿ ಹೀಗೆ ಹೇಳಿಕೊಂಡಳು. ಆಗ ಊರೇ ಹಾಗಿತ್ತು. ಜನ ಕೋಣೆಗಳನ್ನು ಬಾಡಿಗೆಗೆ ಕೊಟ್ಟು ತಾವು ಅಡುಗೆಮನೆಯಲ್ಲಿ ಮಲಗಿದರು. ಬೇಕರಿಯ ಆಳುಗಳು ಹಿಟ್ಟು ಕಲಸುವುದು ಬಿಟ್ಟು ಪೈಪು ಹೊರಲು ಹೋದರು. ನಾವು ತಿನ್ನುವ ಬ್ರೆಡ್ಡು ದೂರದಿಂದ ಬರುತ್ತಿತ್ತು.

ಇಸ್ತ್ರಿ ಮಾಡುತ್ತಿದ್ದವಳು ಇವಳ ನಾದಿನಿ. ಆಸ್ಪತ್ರೆಯದಕ್ಕೆ ಬೇರೆ ಮೆಷಿನ್ ಇರಲಿ, ಕಾವು ತಗುಲಿದರೆ ವಾಸನೆ ಏಳುತ್ತಿದೆ ಎಂದು ಅವಳು ಹೇಳುತ್ತಲೇ ಇದ್ದಳು. ಇವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಆಸ್ಪತ್ರೆಯ ನರ್ಸಮ್ಮ ದುಪ್ಪಟಿಗಳ ಗಂಟನ್ನು ತಂದು ಬಾಗಿಲಲ್ಲೇ ಇಟ್ಟು, ಕೂಸುಗಳನ್ನು ಗ್ಯಾರೇಜಿನಲ್ಲಿ ಮಲಗಿಸಿದ ಹಾಗಾಗಿದೆ ಎಂದು ಹೋದರು. ಅವರ ಹಿಂದೆಯೇ ಊರಿನವರ ಬಟ್ಟೆ ಬರುವುದೂ ನಿಂತಿತು. ನಾದಿನಿ ಇವಳೊಡನೆ ಮಾತು ಬಿಟ್ಟು ಗ್ಯಾಸಿನವರ ಕ್ಯಾಂಪಿನ ಅಡುಗೆಗೆ ಸೇರಿಕೊಂಡಳು.

ಗ್ಯಾಸಿನ ಬೆಲೆ ಬಿತ್ತಂತೆ, ಅವರು ಕಬ್ಬಿಣದ ಗೋಪುರಗಳನ್ನು ಬಿಚ್ಚಿ ಲಾರಿಗೆ ಹೇರಿಕೊಂಡು ಹೋದರು. ಕ್ಯಾಂಪು ಮುಚ್ಚಿತು. ಮೆಷಿನ್ ಸುಮ್ಮನಾಯಿತು. ಲಾಂಡ್ರಿಯವಳು ನರ್ಸಮ್ಮನ ಕೈಕಾಲು ಹಿಡಿದು ಒಂದು ಗಂಟು ತಂದಳು. ಇದರಲ್ಲೂ ವಾಸನೆ ಬಂದರೆ ಅಂಗಡಿಗೆ ಬೀಗವೇ. ಒಗೆದಳು, ಮೂಸಿದಳು. ತನ್ನ ಮೂಗನ್ನು ನಂಬುವ ಧೈರ್ಯ ಬರಲಿಲ್ಲ. ಒಂದು ದುಪ್ಪಟಿ ಹಿಡಿದು ನಾದಿನಿಯ ಮನೆ ಬಾಗಿಲಿಗೆ ಹೋಗಿ ನಿಂತಳು. ಬಾ ಎಂದು ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದಳು.

"ಅವತ್ತು ಬೇಡವಾಗಿದ್ದ ಮೂಗು ಈಗ ಬೇಕಾಯ್ತಾ ಅತ್ತಿಗೆ?"

"ಬೇಕಾಯ್ತು ಕಣೇ. ನನ್ನದು ಕೆಟ್ಟಿದೆ."

ನಾದಿನಿ ಅತ್ತಿಗೆಯ ಕೈಯಿಂದ ದುಪ್ಪಟಿ ತೆಗೆದುಕೊಂಡಳು. ಅದನ್ನು ಮುಖಕ್ಕೆ ಹಿಡಿದು, "ಇನ್ನೂ ಇದೆ. ಈ ಮೆಷಿನ್ನಿಂದ ಹೋಗಲ್ಲ, ಕೈಯಲ್ಲೇ ಆಗ್ಬೇಕು" ಎಂದಳು.

ಇಬ್ಬರೂ ಹಿತ್ತಿಲ ತೊಟ್ಟಿಯಲ್ಲಿ ನೆನೆಸಿ, ಉಜ್ಜಿ, ಇಸ್ತ್ರಿಯ ಕಾವಿನಲ್ಲಿ ಮೂಸಿ ಮತ್ತೆ ಒಗೆದರು. ಆಸ್ಪತ್ರೆಗೆ ಕಳಿಸಿದ ಗಂಟು ಹಿಂದಕ್ಕೆ ಬರಲಿಲ್ಲ. ಬದಲಿಗೆ ಕೊಳೆಯಾದ ಇನ್ನೊಂದು ಬಂತು. ನಾನು ಹೋದಾಗ ಅತ್ತಿಗೆ ಒಂದು ತುದಿ, ನಾದಿನಿ ಇನ್ನೊಂದು ತುದಿ ಹಿಡಿದು ದುಪ್ಪಟಿ ಹಿಂಡುತ್ತಿದ್ದರು. ನೀರು ಕಾಲ ಮೇಲೆ ಸುರಿಯುತ್ತಿತ್ತು.