ಮದ್ದಳೆಗೆ ಕೊಟ್ಟ ಹಿಟ್ಟು

ವಾದ್ಯ ನುಡಿಸುವವರಿಗೆ ಹಬ್ಬಕ್ಕೆ ಏನು ಕೊಡಬೇಕು ಎಂದು ಮೊಮ್ಮಕ್ಕಳು ಮಾತಾಡಿಕೊಳ್ಳುವಾಗ ನಾನು ಸುಮ್ಮನಿರುತ್ತೇನೆ. ನಾನೂ ಒಮ್ಮೆ ಕೊಟ್ಟಿದ್ದೇನೆ. ಏನು ಕೊಟ್ಟೆ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಅದು ಯುದ್ಧದ ಕಾಲ. ಮೆಟ್ರಿಕ್ ಮುಗಿಸಿ ಕೊಪ್ಪಳದ ಒಂದು ಕಾಳಿನ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಅಳವಂಡಿಯ ನನ್ನ ಸೋದರಮಾವ ಒಕ್ಕಲುತನದವರು. ಊರಿನ ಭಜನೆಗೆ ಮದ್ದಳೆ ಬಾರಿಸುವವರು ಅವರೇ. ದೀಪಾವಳಿಯ ಪಾಡ್ಯಕ್ಕೆ ಭಜನೆಯವರಿಗೆ ನೆಂಟರು ಏನಾದರೂ ಕೊಡುವ ರೂಢಿಯಿತ್ತು. ಹಾಡುವವರಿಗೆ ಧೋತರ, ತಾಳದವರಿಗೆ ಟವೆಲ್ಲು. ಮಾವನ ಬೇಡಿಕೆಯೇ ಬೇರೆ.

“ಅಳಿಯಾ, ನನಗ ಧೋತರ ಬ್ಯಾಡ. ಒಂದ್ ಸೇರು ಗೋದಿ ಹಿಟ್ಟು ತಾ. ಹಿಟ್ನಾಳದ ಭಜನಿಯವರು ಬರಾಕ ಹತ್ಯಾರ.”

ಮದ್ದಳೆಯ ಎಡಗಡೆಯ ಚರ್ಮಕ್ಕೆ ಗೋಧಿಯ ಕಣಕ ಮೆತ್ತಿದರೇನೇ ಅದು ಗುಂ ಎನ್ನುವುದು. ಭಜನೆ ಮುಗಿದ ಮೇಲೆ ಅದನ್ನು ಕೆರೆದು ತೆಗೆಯುತ್ತಾರೆ. ಆ ವರ್ಷವೋ ಗೋಧಿ ಕಣ್ಣಿಗೇ ಬೀಳುತ್ತಿರಲಿಲ್ಲ.

“ಮನ್ಯಾಗ ಹೋಳಿಗಿ ಕಂಡು ವರ್ಷಾತು, ಇವರ ಮದ್ದಳಿಗೆ ಗೋದಿ ಬೇಕಂತ,” ಎಂದರು ಅತ್ತೆ ಒಲೆಯ ಮುಂದಿನಿಂದ.

“ಕೈ ಇನ್ನೂ ಓಡತೈತೇನ್ರಿ ಮಾವ?” ಎಂದು ನಾನೂ ಕೆಣಕಿದೆ.

“ಹದ ತಪ್ಪಿದ ದಿನ ಮದ್ದಳಿ ನಾನ ಗೂಟಕ್ಕ ಹಾಕತೀನಿ. ನಿನ್ನ ಕೈಲೆ ಹೇಳಿಸ್ಕೊಳ್ಳೂದಿಲ್ಲ.”

ಅಂಗಡಿಯ ಸಾಹುಕಾರರಿಗೆ ಕೈಮುಗಿದು ಹೇಗೋ ಒಂದು ಸೇರು ಗೋಧಿ ಹಿಟ್ಟು ಗಿಟ್ಟಿಸಿದೆ. ಅದನ್ನು ಮನೆಗೆ ತಂದಾಗ ಹೋಳಿಗೆಯ ಆಸೆ ಹುಟ್ಟಿತು. ಅರ್ಧ ತೆಗೆದಿಟ್ಟು, ಉಳಿದದ್ದಕ್ಕೆ ಜೋಳದ ಹಿಟ್ಟು ಬೆರೆಸಿದೆ. ಬರೀ ಆಸೆಯಲ್ಲ, ಇಷ್ಟಕ್ಕೂ ಚರ್ಮಕ್ಕೆ ಹಿಟ್ಟಿನ ಜಾತಿ ಹೇಗೆ ಗೊತ್ತಾಗುತ್ತದೆ ಎಂಬ ಕುತೂಹಲವೂ ಇತ್ತು. ಓದಿದವನಲ್ಲವೇ, ಪರೀಕ್ಷೆಯನ್ನೂ ಮಾಡಿದೆ. ಒಂದಿಷ್ಟು ನಾದಿ, ಖಾಲಿ ಡಬ್ಬಿಯ ತಳಕ್ಕೆ ಮೆತ್ತಿ ಬಡಿದೆ. ಚೆನ್ನಾಗಿಯೇ ಅಂಟಿತ್ತು, ದನಿಯೂ ದಪ್ಪಗಾಗಿತ್ತು. ಅದು ಒಣಗುವವರೆಗೆ ಕಾಯಬೇಕೆಂದು ಮಾತ್ರ ಹೊಳೆಯಲಿಲ್ಲ.

ಪಾಡ್ಯದ ಬೆಳಿಗ್ಗೆ ಮಾವ ಗುಡಿಯ ಕಟ್ಟೆಯ ಮೇಲೆ ಕೂತು ಹಿಟ್ಟು ನಾದಿದರು. “ಯಾಕೋ ಬೆಳ್ಳಗೈತಲ್ಲೋ?”

“ಬ್ಯಾರೆ ಕಡೀ ಗೋದಿರಿ, ಮಾವ.”

“ಹಂಗಾರ ಸರಿ,” ಎಂದರು. ನನ್ನ ಮಾತನ್ನು ಅವರು ಎಂದೂ ಅನುಮಾನಿಸಿದವರಲ್ಲ.

ಮೊದಲ ಹಾಡು ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಬಿಸಿಲೇರಿ ಕಣಕ ಒಣಗಿ ಬಿರುಕುಬಿಟ್ಟಿತು. ಚೂರುಚೂರಾಗಿ ಮಾವನ ತೊಡೆಯ ಮೇಲೆ ಉದುರತೊಡಗಿತು. ಗುಂ ಎನ್ನುತ್ತಿದ್ದ ಮದ್ದಳೆ ಒಡಕು ಗಡಿಗೆಯಂತೆ ಸದ್ದು ಮಾಡಿತು. ಮಾವ ಬಾರಿಸುವುದನ್ನು ನಿಲ್ಲಿಸಿ ಮತ್ತೆ ನಾದಿ ಮೆತ್ತಿದರು. ಮತ್ತೆ ಉದುರಿತು.

“ಕಾಕಾ, ನಿಮ್ಮ ಮದ್ದಳಿ ರೊಟ್ಟಿ ಚೂರು ಉದರಸಾಕ ಹತ್ತೇತಿ,” ಎಂದ ಹಿಟ್ನಾಳದ ತಾಳದವನು.

ಎಲ್ಲರೂ ನಕ್ಕರು. ಮಾವನೂ ನಕ್ಕರು. ಅವನ ಚೇಷ್ಟೆ ಎಷ್ಟು ನಿಜವೆಂದು ಬಲ್ಲವನು ನಾನೊಬ್ಬನೇ. ಮಾವ ತಮ್ಮ ಬೆರಳುಗಳನ್ನು ಒಂದೊಂದಾಗಿ ತಿಕ್ಕಿ ನೋಡಿಕೊಂಡು, “ನಾದೂ ಹದಾನ ಮರತೀನಿ. ವಯಸ್ಸಾತು,” ಎಂದರು. ಮದ್ದಳೆಯನ್ನು ಪಕ್ಕದವನ ತೊಡೆಗೆ ದಾಟಿಸಿದರು. ಆ ಸಂಜೆ ಮನೆಯಲ್ಲಿ ಅದನ್ನು ಗೂಟಕ್ಕೆ ಹಾಕಿದರು.

ಒಂದೇ ಮಾತು ಸಾಕಿತ್ತು: “ಹಿಟ್ಟಿನ್ಯಾಗ ಜ್ವಾಳ ಐತ್ರಿ ಮಾವ.” ಬೈಯುತ್ತಿದ್ದರು, ಒಂದೆರಡು ಬಾರಿಸಿಯೂ ಬಿಡುತ್ತಿದ್ದರು. ಆದರೆ ಮರುದಿನ ಮದ್ದಳೆ ಕೆಳಗಿಳಿಯುತ್ತಿತ್ತು. ನಾನು ಕೊಪ್ಪಳಕ್ಕೆ ಮರಳಿ ಹೋಳಿಗೆ ತಿಂದೆ.

ಮರುವರ್ಷದಿಂದ ಪ್ರತಿ ದೀಪಾವಳಿಗೂ ಚೊಕ್ಕ ಗೋಧಿ ಹಿಟ್ಟು ಒಯ್ದು ಕೊಟ್ಟೆ. “ನನಗ್ಯಾಕಪಾ ಇದು, ನಿಮ್ಮತ್ತಿಗೆ ಕೊಡು,” ಎನ್ನುತ್ತಿದ್ದರು. ಅತ್ತೆ ಹೋಳಿಗೆಗೆ ನಾದುವಾಗ ಒಂದು ಉಂಡೆ ಕಿತ್ತುಕೊಂಡು, ಬೆರಳಿನಲ್ಲಿ ಎಳೆಎಳೆದು ನೋಡುತ್ತಿದ್ದರು. ಅದು ಹರಿಯದೆ ಉದ್ದಕ್ಕೆ ಬರುತ್ತಿತ್ತು. ನಿಜ ಗೊತ್ತಾಗಿಬಿಟ್ಟಿತೇ ಎಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ.

ಅವರು ಉಂಡೆಯನ್ನು ಮತ್ತೆ ನಾದುವ ಪರಾತಕ್ಕೆ ಹಾಕಿ, “ನಿಮ್ಮತ್ತಿ ಕೈಯಾಗ ಹದ ಇನ್ನೂ ಐತಿ ನೋಡು,” ಎನ್ನುತ್ತಿದ್ದರು.